ಕರಡಗುಡ್ಡಕ್ಕೆ ನೀರು ಕುಡಿಸಿದವಳು

ಶನಿವಾರದ ಬೆಳಗಿನ ಶಾಲೆ. ಮಕ್ಕಳಿಗೆ ಬಡಿಸುವ ಮೊದಲು ಬಿಸಿಬೇಳೆ ಬಾತಿನ ರುಚಿ ನೋಡಬೇಕಾದ್ದು ಮುಖ್ಯ ಶಿಕ್ಷಕಿಯ ಕೆಲಸ. ವಸಂತಿ ಅಂಗೈಯ ಮೇಲೆ ಒಂದು ಚೂರು ಹಾಕಿಸಿಕೊಂಡು ಊದುತ್ತ ನಿಂತಿದ್ದಾಗಲೇ ಅಡುಗೆಯ ದುರ್ಗಿ ಆ ಮಾತು ಅಂದದ್ದು. "ನಮ್ಮ ಬಾವಿಲಿ ಮೂರು ದಿನದಿಂದ ಹಾಲು ಬರ್ತದೆ ಅಕ್ಕೋರೆ. ಎಲ್ಲ ನಿಮ್ಮ ಗುಂಡಿ ಮಹಿಮೆ. ಸಂಘದಿಂದ ಒಂದು ಡೇರಿ ತೆಗ್ದುಬಿಡ್ವ." ಅಂದು ತಾನೇ ನಕ್ಕಳು, ಸೌಟು ಹಿಡಿದ ಕೈಯ ಹಿಂಭಾಗದಿಂದ ಹಣೆ ಒರೆಸಿಕೊಂಡಳು. ವಸಂತಿಯೂ ನಗಲು ಬಾಯಿ ತೆರೆದಳು. ಬಾತು ಗಂಟಲಲ್ಲಿ ಸುಡುತ್ತಲೇ ಇಳಿಯಿತು. "ಹಾಲು ಅಂದರೆ ಎಂತ?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ. "ಬೆಳ್ಳಗೆ. ಶೇಡಿಮಣ್ಣು ಕದಡಿದ ಹಾಗೆ. ಕೊಡದಲ್ಲಿ ಇಟ್ರೆ ತಳದಲ್ಲಿ ಕೂತ್ಕಂತದೆ. ನಮ್ಮ ನೇತ್ರಾ ಅದನ್ನೇ ಬಳ್ದು ಹೊಸ್ಲಿಗೆ ಎಳೆ ಬರ್ದಳೆ, ಪುಕ್ಸಟೆ ಶೇಡಿ!" ಅಂಗಳದಲ್ಲಿ ಮಕ್ಕಳು ತಟ್ಟೆ ಬಡಿಯುತ್ತಿದ್ದವು. ಹನ್ನೆರಡು ದಿನ ಒಂದೇ ಸಮ ಹೊಡೆದ ಮಳೆ ಬುಧವಾರ ಹೊಳವಾಗಿ, ಆಷಾಢದಲ್ಲಿ ಇರಬಾರದಂಥ ಬಿಸಿಲು ಬಿದ್ದಿತ್ತು. ಗೋಡೆ, ಗೇಟು, ಮಕ್ಕಳ ಕೂದಲು ಎಲ್ಲದರಿಂದ ಹಬೆ ಏಳುತ್ತಿತ್ತು. ಈಗ ಹೇಳಬೇಕು ಎಂದುಕೊಂಡಳು ವಸಂತಿ. ಹೇಳಿದ್ದು ಇಷ್ಟು: "ಮಳೆಗಾಲ ಅಲ್ದಾ ದುರ್ಗಿ, ಹಾಗೇ ಆಗ್ತದೆ. ಕುದಿಸಿ, ಸೋಸಿ ಕುಡೀರಿ." ದುರ್ಗಿ "ಆತು" ಎಂದಳು. ಇಪ್ಪತ್ತೆರಡು ವರ್ಷಗಳಿಂದ ಈ ಕೇರಿಯವರು ಅವಳ ಮಾತಿಗೆ ಹಾಗೇ ಅನ್ನುತ್ತ ಬಂದಿದ್ದರು. ಆತು. ಮಗುವಿಗೆ ಚುಚ್ಚುಮದ್ದು ಹಾಕಿಸಿ ಎಂದರೆ ಆತು, ಹುಡುಗಿಯನ್ನು ಏಳನೇ ತರಗತಿಗೆ ಬಿಡಿಸಬೇಡಿ ಎಂದರೆ ಆತು.

ಮೂರನೇ ತರಗತಿಯ ಕಿಟಕಿಯಿಂದ ಕರಡಗುಡ್ಡ ಕಾಣುತ್ತದೆ. ಊಟ ಮುಗಿದ ಮೇಲೆ ಅರ್ಧ ಗಂಟೆ ಮಗ್ಗಿ ಹೇಳಿಸುವುದಿತ್ತು. ಮಕ್ಕಳು ಹೇಳುತ್ತಿದ್ದವು, ಅವಳು ಗುಡ್ಡ ನೋಡುತ್ತಿದ್ದಳು. ಹೆದ್ದಾರಿಯ ಮೂಡು ಬದಿಗೆ, ಕುಮಟೆಯ ಪೇಟೆಗೆ ಇಷ್ಟು ಹತ್ತಿರದಲ್ಲಿದ್ದರೂ ಪೇಟೆಯ ಅರ್ಧ ಜನಕ್ಕೆ ಅದರ ಹೆಸರು ಗೊತ್ತಿಲ್ಲ. ದೂರದಿಂದ ಕಾರು ಮಾಡಿಕೊಂಡು ಬಂದವರು ನೇರ ಗೋಕರ್ಣಕ್ಕೆ, ಓಂ ಬೀಚಿಗೆ ಹೋಗುತ್ತಾರೆ. ಇದರ ಬುಡದಲ್ಲಿ ಟೀ ಕುಡಿಯಲು ನಿಂತವರೂ ತಲೆ ಎತ್ತುವುದಿಲ್ಲ. ಮೊಣಕಾಲುದ್ದ ಕರಡದ ಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ, ನೆತ್ತಿಯಲ್ಲಿ ಬಯಲು. ಆ ಬಯಲಿನ ಅಂಚಿಗೆ ನಿಂತರೆ ಬಸ್‌ಸ್ಟ್ಯಾಂಡು, ರೈಲುಹಳಿ, ಹೆಂಚಿನ ಮಾಡುಗಳ ನಡುವೆ ಎದ್ದ ಹೊಸ ಕಟ್ಟಡಗಳು, ಅದರಾಚೆ ಅಘನಾಶಿನಿಯ ಅಳಿವೆ, ಸಮುದ್ರ, ಎಲ್ಲ ಅಂಗೈ ಮೇಲೆ ಇಟ್ಟ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಯ ಮನೆಯ ಮಾತು ಎದೆಯಲ್ಲಿ ಕಟ್ಟಿಕೊಂಡಾಗ ಅವಳು ಅಲ್ಲಿಗೆ ಹತ್ತುತ್ತಿದ್ದಳು. ಆಮೇಲೆ ಮಗಳು ಹುಟ್ಟಿ ಎರಡು ತಿಂಗಳಿಗೆ, ಶ್ರೀಗೌರಿಯನ್ನು ಸೆರಗಲ್ಲಿ ಸುತ್ತಿಕೊಂಡು ಹತ್ತಿ, "ಅಗಾ, ಅದು ನಮ್ಮನೆ, ಅದು ಆಯಿ ಶಾಲೆ" ಎಂದು ತೋರಿಸಿದ್ದಳು, ಕಣ್ಣು ಇನ್ನೂ ನಿಲ್ಲದ ಮಗುವಿಗೆ. ಯಾರದೂ ಅಲ್ಲದ್ದರಿಂದ ತನ್ನದು ಎಂಬ ಭಾವ ಇತ್ತು ಆ ಗುಡ್ಡದ ಮೇಲೆ. ಅದಕ್ಕೇ ಏನೋ, ಮೂರು ಬೇಸಿಗೆಗಳ ಹಿಂದೆ ಏಪ್ರಿಲ್ಲಿನಲ್ಲಿ ಗುಡ್ಡದ ಸೊಂಟದಲ್ಲಿರುವ ಏಳು ಮನೆಗಳ ಬಾವಿ ಒಣಗಿ, ಹೆಂಗಸರು ಹೆದ್ದಾರಿ ದಾಟಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ಕಿತ್ತಾಡುವುದನ್ನು ನೋಡಿದಾಗ, ಗುಡ್ಡದ ಮೇಲೆ ಇಂಗುಗುಂಡಿ ತೋಡುವ ಯೋಚನೆ ಅವಳಿಗೇ ಬಂದದ್ದು. ತರಬೇತಿಯೊಂದರಲ್ಲಿ ಕೇಳಿ ಬಂದಿದ್ದಳು. ಮಳೆ ಬೀಳುತ್ತದೆ, ಓಡಿ ಸಮುದ್ರ ಸೇರುತ್ತದೆ. ಓಡುವುದನ್ನು ನಡೆಸಬೇಕು, ನಡೆಯುವುದನ್ನು ನಿಲ್ಲಿಸಬೇಕು, ನಿಂತದ್ದನ್ನು ಇಂಗಿಸಬೇಕು. ಏಳು ಮನೆಯ ಹೆಂಗಸರು, ಅವಳು, ಮೂವತ್ತೆಂಟು ಗುಂಡಿ. ಮರುವರ್ಷ ಏಪ್ರಿಲ್ಲಿನಲ್ಲಿ ದುರ್ಗಿಯ ಬಾವಿಯಲ್ಲಿ ಎದೆಮಟ್ಟ ನೀರು. ಶಾಲು ಹೊದಿಸಿದರು, ಪೇಪರಿನಲ್ಲಿ ಫೋಟೋ ಬಂತು. ಈಗಲೂ ಅವಕ್ಕೆ ಅಕ್ಕೋರ ಗುಂಡಿ ಎಂದೇ ಹೆಸರು.

ಏಳು ಏಳಲಿ ನಲವತ್ತೊಂಬತ್ತು. ನೆನಪಿಗೆ ಬಾರದಿರಲಿ ಎಂದುಕೊಂಡದ್ದೇ ಬಂತು. ತೋಡಲು ಶುರು ಮಾಡುವ ಮೊದಲು ಇದೇ ಕೋಣೆಯಲ್ಲಿ ಸಭೆ ಮಾಡಿದ್ದಳು. ಹೆಂಗಸರೆಲ್ಲ ಮಕ್ಕಳ ಬೆಂಚಿನ ಮೇಲೆ ಕಾಲು ಹುದುಗಿಸಿ ಕೂತಿದ್ದರು. ದುರ್ಗಿಯ ಗಂಡ ಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ. ನಲವತ್ತು ವರ್ಷ ಚಿರೆಕಲ್ಲು ಕಡಿದವ, ಬೆರಳುಗಳು ಕಲ್ಲಿನ ಬಣ್ಣವೇ ಆಗಿದ್ದವು. "ಒಂದು ಮಾತು ಅಕ್ಕೋರೆ," ಎಂದಿದ್ದ. "ಮೇಲೆ ಕಲ್ಲು ಕಾಣ್ತದೆ. ಇಪ್ಪತ್ತು ಅಡಿ ಹೋದ್ರೆ ಒಳಗೆಲ್ಲ ಶೇಡಿ. ಶೇಡಿ ನೀರು ಕುಡಿದ್ರೆ ಬೆಣ್ಣೆ ಆಗ್ತದೆ. ಗುಡ್ಡದ ಹೊಟ್ಟೆಗೆ ನೀರು ಕುಡಿಸುಕಾಗ." ಅವಳಿಗೆ ಆಗ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಪ್ರೀತಿಯೇ ಬಂದಿತ್ತು. ದಡ್ಡ ಮಗುವಿನ ಮೇಲೆ ಬರುವಂಥದ್ದು. "ಬಾ ಲಿಂಗಪ್ಪ, ಇಲ್ಲಿ ಬಾ" ಎಂದು ಹಲಗೆಯ ಹತ್ತಿರ ಕರೆದು, ಗುಡ್ಡ ಬರೆದು, ಗುಂಡಿ ಬರೆದು, ನೀಲಿ ಸೀಮೆಸುಣ್ಣದಲ್ಲಿ ಬಾಣ ಎಳೆದು ತೋರಿಸಿ, "ಈಗ ನೀನೇ ಹೇಳು, ನೀರು ಎಲ್ಲಿಗೆ ಹೋಯ್ತು?" ಎಂದು ಕೇಳಿದ್ದಳು. ಅವ ಕೈಕಟ್ಟಿ ನಿಂತು, ತನ್ನ ಹೆಬ್ಬೆರಳು ನೋಡುತ್ತ, "ಬಾವಿಗೆ" ಎಂದಿದ್ದ. "ಶಾಭಾಸ್!" ಎಂದಿದ್ದಳು ಅವಳು. ಹೆಂಗಸರು ಚಪ್ಪಾಳೆ ತಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ದುರ್ಗಿ. ಅವ ಗುಂಡಿ ತೋಡಲು ಬರಲಿಲ್ಲ. ಅಂದಿನಿಂದ ಎದುರು ಸಿಕ್ಕರೆ ಕೈ ಮುಗಿಯುತ್ತಾನೆ, ಆದರೆ ಹೇಳಬೇಕಾದ್ದನ್ನು ಹೆಂಡತಿಯ ಕಡೆ ತಿರುಗಿ ಹೇಳುತ್ತಾನೆ: ಅಕ್ಕೋರಿಗೆ ಕುರ್ಚಿ ಕೊಡು, ಅಕ್ಕೋರಿಗೆ ಹೇಳು ಮಗ ಹೊನ್ನಾವರದ ಗ್ಯಾರೇಜಿಗೆ ಸೇರಿದ ಅಂತ.

ಗಂಟೆ ಹೊಡೆದು ಮಕ್ಕಳು ಹೋದ ಮೇಲೆ ಅವಳು ಕೊಡೆಯನ್ನೂ ತೆಗೆದುಕೊಳ್ಳದೆ ಹೆದ್ದಾರಿ ದಾಟಿದಳು. ರಸ್ತೆ ಅಗಲ ಮಾಡುವವರು ಹಿಂದಿನ ವರ್ಷ ಗುಡ್ಡದ ಬುಡವನ್ನು ಕೇಕು ಕೊಯ್ದ ಹಾಗೆ ನೆಟ್ಟಗೆ ಕೊಯ್ದಿದ್ದರು. ಮೂರು ಆಳೆತ್ತರದ ಕೆಂಪು ಗೋಡೆ. ಅದರ ನಡುವೆ, ಕೊಯ್ದ ಮೇಲೆ ಎಲ್ಲರಿಗೂ ಕಾಣುವ ಹಾಗೆ, ಅಗಲವಾದ ಬಿಳಿ ಪಟ್ಟಿ. ಅದನ್ನು ಕಂಡ ದಿನವೇ ಅವಳಿಗೆ ಲಿಂಗಪ್ಪ ಹೇಳಿದ ಶೇಡಿ ನೆನಪಾಗಿತ್ತು. ಬುಡ ಕೊಯ್ದದ್ದು ತಪ್ಪು ಎಂದು ಏಳು ಮನೆಯವರ ಪರವಾಗಿ ಅರ್ಜಿ ಬರೆದುಕೊಟ್ಟವಳೂ ಅವಳೇ, ದುಂಡು ಅಕ್ಷರದಲ್ಲಿ, ಮೂರು ಪುಟ. ಆ ಮೂರು ಪುಟದಲ್ಲಿ ಎಲ್ಲಿಯೂ ಗುಂಡಿ ಎಂಬ ಶಬ್ದ ಇರಲಿಲ್ಲ. ಪಕ್ಕದ ತಾಲೂಕಿನಲ್ಲಿ ಗುಡ್ಡ ಜರಿದ ಮಳೆಗಾಲದಲ್ಲಿ ಪೇಪರಿನಲ್ಲಿ ಯಾರೋ ಭೂವಿಜ್ಞಾನಿ ಬರೆದಿದ್ದರು: ಒಳಗೆ ಜೇಡಿ ಇರುವ, ಬುಡ ಕಡಿದ ಗುಡ್ಡಗಳ ಮೇಲೆ ನೀರು ಇಂಗಿಸುವುದು ಅಪಾಯ, ಇಂಗಿಸುವ ಗುಂಡಿಗಳಿದ್ದರೆ ಮುಚ್ಚಬೇಕು. ಅದನ್ನು ಎರಡು ಸಲ ಓದಿ, ಮಡಚಿ, ಉಪ್ಪಿನಕಾಯಿ ಭರಣಿಯ ಕಪಾಟಿಗೆ ಹಾಸಿದ್ದಳು, ಅಕ್ಷರ ಕೆಳಗಾಗಿ. ಮುಚ್ಚಬಹುದಿತ್ತು. ಮುಚ್ಚಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಹತ್ತುವಾಗ ಕರಡ ಕಾಲಿಗೆ ಕೊಯ್ಯಿತು. ಹಕ್ಕಿಯೊಂದೂ ಕೂಗುತ್ತಿರಲಿಲ್ಲ, ಅಥವಾ ಕೂಗುತ್ತಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ಮೊದಲ ಗುಂಡಿಯ ಹತ್ತಿರ ನಿಂತಳು. ಮಳೆಗಾಲದಲ್ಲಿ ಈ ಗುಂಡಿಗಳು ತುಂಬಿ ತುಳುಕುವುದು, ಕಪ್ಪೆಮರಿಗಳು ಓಡಾಡುವುದು, ಹೊಳವಾದ ಮೇಲೂ ವಾರಗಟ್ಟಲೆ ಆಕಾಶ ಅದರಲ್ಲಿ ಕೂತಿರುವುದು ಅವಳಿಗೆ ಗೊತ್ತು. ಗುಂಡಿ ಖಾಲಿ ಇತ್ತು. ತಳದ ಕೆಸರು ಒಡೆದು ಸುರುಳಿ ಎದ್ದಿತ್ತು. ಎರಡನೆಯದೂ ಖಾಲಿ. ಹದಿನಾಲ್ಕರವರೆಗೆ ನೋಡಿ ಬಿಟ್ಟಳು. ಹನ್ನೆರಡು ದಿನದ ಮಳೆ ಇಲ್ಲಿ ಬಿದ್ದಿದೆ. ಓಡಿ ಹೋಗಲು ಅವಳೇ ಬಿಟ್ಟಿಲ್ಲ. ಇಲ್ಲೂ ಇಲ್ಲ. ಗುಂಡಿಗಳ ಸಾಲಿನ ಉದ್ದಕ್ಕೂ, ಬಯಲಿನ ಅಂಚಿಗಿಂತ ಹತ್ತು ಮಾರು ಈಚೆ, ದರಕಿನ ಒಂದು ಗೆರೆ ಇತ್ತು, ಯಾರೋ ಒಣ ಎಲೆಗಳನ್ನು ಗುಡಿಸಿ ಉದ್ದಕ್ಕೆ ಹಾಕಿದ ಹಾಗೆ. ಹಾಕಿದವಳು ಅವಳೇ. ಬುಧವಾರ ಸಂಜೆ, ಹೊಳವಾದ ಮೊದಲ ದಿನ, ಬೆರಳು ಹೋಗುವಷ್ಟು ಬಿರುಕು ಕಂಡಿತ್ತು. ಮಕ್ಕಳ ಕಾಲು ಸಿಕ್ಕೀತು ಎಂದು ಹೇಳಿಕೊಳ್ಳುತ್ತ ಗೇರುಮರದ ಕೆಳಗಿನ ದರಕು ತಂದು ಮುಚ್ಚಿದ್ದಳು. ಮಕ್ಕಳು ಆಷಾಢದಲ್ಲಿ ಇಲ್ಲಿಗೆ ಬರುವುದೇ ಇಲ್ಲ. ಈಗ ಆ ದರಕಿನ ಅರ್ಧ ಒಳಗೆ ಇಳಿದಿತ್ತು. ಬಗ್ಗಿ ಕೈ ಇಟ್ಟಳು. ಮೊಣಕೈವರೆಗೆ ಹೋಯಿತು. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು.

"ಆಂಟೀ, ಒಂದು ಫೋಟೋ ತೆಗಿತೀರಾ?" ಬೆಚ್ಚಿ ತಲೆ ಎತ್ತಿದರೆ ಬಿರುಕಿನ ಆಚೆ, ಅಂಚಿನಲ್ಲಿ, ಒಬ್ಬ ಹುಡುಗ ಒಬ್ಬಳು ಹುಡುಗಿ. ಹುಡುಗ ಮೊಬೈಲು ಚಾಚಿದ್ದ. "ಹಿಂದೆ ಪೇಟೆ, ಸಮುದ್ರ ಎರಡೂ ಬರ್ಬೇಕು. ಎಂಥ ವ್ಯೂ ಇದೆ ಮಾರಾಯ್ರೆ, ಇಷ್ಟು ವರ್ಷ ಹೊನ್ನಾವರದಲ್ಲೇ ಇದ್ದು ನಮಗೆ ಗೊತ್ತೇ ಇರ್ಲಿಲ್ಲ." ಅವಳು ಮೊಬೈಲು ತೆಗೆದುಕೊಂಡಳು. ಯಾಕೆ ತೆಗೆದುಕೊಂಡೆ ಎಂದು ಆಮೇಲೆ ಎಷ್ಟು ಕೇಳಿಕೊಂಡರೂ ಅವಳಿಗೆ ತಿಳಿಯಲಿಲ್ಲ. ಯಾರಾದರೂ ನಯವಾಗಿ ಏನಾದರೂ ಕೇಳಿದರೆ ಇಲ್ಲವೆನ್ನದ ಅಭ್ಯಾಸ. ಪರದೆಯಲ್ಲಿ ಇಬ್ಬರೂ ಬೆಳಕಿನಲ್ಲಿ ನಗುತ್ತಿದ್ದರು, ಅವರ ಹಿಂದೆ ಕುಮಟೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು, ಕೆಳಗೆ ಅಂಚಿನಲ್ಲಿ ದರಕಿನ ಗೆರೆ. ಒಂದು ತೆಗೆದಳು. "ಇನ್ನೊಂದು ಆಂಟಿ." ಇನ್ನೊಂದು ತೆಗೆದಳು. ಆಮೇಲೆ, "ಈಚೆ ಬನ್ನಿ, ಅಲ್ಲಿ ನಿಲ್ಲುವುದು ಬೇಡ" ಎಂದಳು. "ಆಚೆ ನಿಂತರೇ ವ್ಯೂ ಬರೋದು ಆಂಟಿ." "ಈಚೆ ಬನ್ನಿ ಅಂದೆ!" ಶಾಲೆಯ ದನಿ ತಾನಾಗಿ ಬಂತು. ಇಬ್ಬರೂ ಬಿರುಕನ್ನು ದಾಟಿ, ಅದನ್ನು ನೋಡದೆಯೇ ದಾಟಿ, ಬಂದರು. ಹುಡುಗಿ ಕೊಂಕಣಿಯಲ್ಲಿ ಹುಡುಗನಿಗೆ ಹೇಳಿದಳು: ಇನ್ನು ನಮ್ಮ ಅಪ್ಪನ ಹೆಸರು ಕೇಳುತ್ತಾಳೆ ನೋಡು, ಇಂಥ ಮುದುಕಿಯರಿಗೆ ಬೇರೆ ಕೆಲಸವಿಲ್ಲ. ವಸಂತಿಗೆ ಕೊಂಕಣಿ ಬರುತ್ತದೆ. ಪಕ್ಕದ ಮನೆಯವರಿಂದಲೇ ಕಲಿತದ್ದು. ಮುಖ ಬಿಸಿಯಾಯಿತು. ಅವರ ಬೈಕಿನ ಸದ್ದು ಕೆಳಗೆ ಹೋದ ಮೇಲೆ ಹೊಳೆಯಿತು: ಗುರುತಿಲ್ಲದ ಇಬ್ಬರಿಗೆ ಕೂಗಿ ಹೇಳಲು ಎರಡು ನಿಮಿಷ ಹಿಡಿಯಿತು. ದುರ್ಗಿಗೆ ಹೇಳಲು ಮೂರು ದಿನ ಸಾಲಲಿಲ್ಲ.

ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ಶ್ರೀಧರ ಸೊಸೈಟಿಯ ಕೆಲಸ ಮುಗಿಸಿ ಮನೆಗೆ ಬಂದಿದ್ದ. ಹಿಂದಿನಿಂದ ಶ್ರೀಗೌರಿಯ ದನಿ, "ಆಯಿ ಎಲ್ಲಿದ್ದು? ಹಶಿವಾಗ್ತು ಹೇಳು" ಎಂದು ಕೇಳಿಸಿತು.

"ಗುಡ್ಡ ಬಿರುಕು ಬಿಟ್ಟಿದ್ದು," ಎಂದಳು.

"ರಸ್ತೆಯವು ಬುಡ ಕಡದ್ದ. ಬಿರುಕು ಬಿಡದೇ ಎಂತ ಆಗ್ತು?"

"ಗುಂಡಿಲಿ ಒಂದು ಹನಿ ನೀರಿಲ್ಲೆ. ಅಷ್ಟೂ ಮಳೆ ಒಳಗೆ ಹೋಯ್ದು. ದುರ್ಗಿ ಮನೆ ಬಾವಿಲಿ ಶೇಡಿ ಬತ್ತಾ ಇದ್ದು."

ಆ ಕಡೆ ಬಾಗಿಲು ಎಳೆದುಕೊಂಡ ಸದ್ದು. ಆಮೇಲೆ ಶ್ರೀಧರ ದನಿ ತಗ್ಗಿಸಿದ. "ಇದೇ, ಕೇಳು. ಗುಂಡಿ ಸುದ್ದಿ ಮಾತ್ರ ಎತ್ತಡ. ಅರ್ಜಿ ಬರೆದವಳು ನೀನು. ನಾಳೆ ಅವು 'ರಸ್ತೆಯಿಂದ ಅಲ್ಲ, ಅಕ್ಕೋರ ಗುಂಡಿಯಿಂದ ಆತು' ಹೇಳ್ತ. ಆ ಏಳು ಮನೆಯವಕ್ಕೆ ಪರಿಹಾರವೂ ಇಲ್ಲೆ, ನಿಂಗೆ ನೌಕರಿಯೂ ಇಲ್ಲೆ. ಬಿಸಿಲು ಬಿದ್ದಿದ್ದಲೆ, ಎಂತ ಆಗ್ತಿಲ್ಲೆ. ಸೋಮವಾರ ನೋಡನ."

"ಸೋಮವಾರ," ಎಂದಳು.

"ಹೂಂ. ಬಪ್ಪಾಗ ಕೊತ್ತಂಬರಿ ಸೊಪ್ಪು ತಗಂಡು ಬಾ."

ಅವ ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆ ಕಾರಣಕ್ಕೇ ಅದು ಅವಳಿಗೆ ಸೆರಗಿನ ಹಾಗೆ ಒದಗಿಬಂತು. ತಾನು ಸುಮ್ಮನಿರುವುದು ಅವರಿಗಾಗಿಯೇ ಎಂದು ಹತ್ತು ಹೆಜ್ಜೆ ಇಳಿಯುವವರೆಗೆ ನಂಬಿದಳು. ಮಳೆಗಾಲದ ತುರ್ತಿಗೆಂದು ಶಾಲೆಯ ಗೋಡೆಗೆ ಅಂಟಿಸಿದ ನಂಬರು ಮೊಬೈಲಿನಲ್ಲಿತ್ತು. ಅದಕ್ಕೂ ಮಾಡಿದಳು. ಎತ್ತಿದವನು ಊಟ ಮಾಡುತ್ತಿದ್ದ. "ಮಳೆ ನಿಂತು ಮೂರು ದಿನ ಆಯ್ತಲ್ಲ ಮೇಡಂ," ಎಂದ, ಬೇಸರವಿಲ್ಲದೆ, "ಬರ್ಕೊಂಡಿದ್ದೇನೆ. ನಿಮ್ಮ ಹೆಸರು?" ಅವಳು ಹೆಸರು ಹೇಳುವ ಮೊದಲು ಫೋನು ಇಟ್ಟಳು. ತನ್ನ ಬೆರಳು ಹಾಗೆ ಮಾಡಿದ್ದನ್ನು ನೋಡಿದಳು.

ಗುಡ್ಡದ ಸೊಂಟದಲ್ಲಿ ಏಳು ಮನೆಗಳ ಮುಂದೂ ಬಟ್ಟೆ ಒಣಗುತ್ತಿತ್ತು. ಹನ್ನೆರಡು ದಿನದ ಕಂಬಳಿ, ಚಾಪೆ, ದಿಂಬು, ಮಕ್ಕಳ ಚಡ್ಡಿ, ಒಂದು ಮರದಲ್ಲಿ ಒಣಮೀನು. ಬಿಸಿಲು ಸಿಕ್ಕಿದ ಖುಷಿ ಎಲ್ಲ ಅಂಗಳದಲ್ಲಿ. ದುರ್ಗಿ ಶಾಲೆಯಿಂದ ಬಂದು ಮಿಂದು ಕೂದಲು ಹರಡಿಕೊಂಡು ಕೂತಿದ್ದಳು. ಸೊಸೆ ನೇತ್ರಾ ಮಗುವಿನ ಅಂಗಿ ಮಡಚುತ್ತಿದ್ದಳು. ಮಗ ಸಂತೋಷ ಶನಿವಾರವೆಂದು ಬೇಗ ಬಂದು ಬಾಗಿಲಿನ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. "ಕಾಣಿ ಅಕ್ಕೋರೆ, ಎಂಥ ಬಾಗ್ಲು ಮಾಡಿಟ್ಟ ಆಚಾರಿ," ಎಂದಳು ದುರ್ಗಿ. "ನಿನ್ನೆಯಿಂದ ಒದ್ರೂ ಮುಚ್ಚುದಿಲ್ಲ. ಇವ ಉಜ್ಜಿ ತೆಗ್ದ, ಮತ್ತೂ ಮುಚ್ಚುದಿಲ್ಲ. ನಮ್ಮನೇಲಿ ಕಳ್ಳರಿಗೆ ಎಂತ ಇದೆ, ಇರ್ಲಿ ಬಿಡು ಅಂದೆ." ಲಿಂಗಪ್ಪ ಜಗುಲಿಯ ತುದಿಯಲ್ಲಿ ಕೂತು ದನದ ಹಗ್ಗ ಹೆಣೆಯುತ್ತಿದ್ದ. ಎದ್ದು ಕೈ ಮುಗಿದ. "ಅಕ್ಕೋರಿಗೆ ಕುರ್ಚಿ ಕೊಡು," ಎಂದ ದುರ್ಗಿಗೆ. ವಸಂತಿ ಕೂರಲಿಲ್ಲ. ಚೌಕಟ್ಟಿನ ಮೂಲೆಯಿಂದ ಗೋಡೆಗೆ ಹೋದ ಕೂದಲೆಳೆಯಂಥ ಗೆರೆಯನ್ನು ನೋಡುತ್ತ, "ಎಲ್ಲರೂ ಈಗಲೇ ಇಲ್ಲಿಂದ ಹೊರಡಿ," ಎಂದಳು. "ಶಾಲೆಗೆ ಬನ್ನಿ. ಬೀಗದ ಕೈ ನನ್ನ ಹತ್ತಿರ ಇದೆ."

ದುರ್ಗಿ ಕೂದಲು ಜಾಡಿಸುವುದನ್ನು ನಿಲ್ಲಿಸಿದಳು. "ಎಂತಕ್ಕೆ?"

"ಗುಡ್ಡ ಜರಿದು ಬರುತ್ತದೆ ಅಂತ ಕಾಣುತ್ತದೆ."

"ಬಿಸ್ಲಲ್ಲಾ?" ನೇತ್ರಾ ಕೇಳಿದಳು, ನಗು ತಡೆದುಕೊಂಡು.

"ಬೆಳಿಗ್ಗೆ ಕುದಿಸಿ ಕುಡೀರಿ ಅಂದ್ರಿ," ಎಂದಳು ದುರ್ಗಿ. ತಮಾಷೆಯ ದನಿಯೇ, ಆದರೆ ಕಣ್ಣು ಸಣ್ಣದಾಗಿತ್ತು. "ಈಗ ಹೊರಡಿ ಅಂತ್ರಿ. ಯಾವ್ದು ಕೇಳುದು ನಾವು?"

ಆಚೀಚಿನ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ವಸಂತಿ ಹೇಳತೊಡಗಿದಳು. ಗುಂಡಿ ಖಾಲಿಯಾದದ್ದು, ಬಿರುಕು, ಶೇಡಿ. ಪಾಠ ಮಾಡುವವಳ ಹಾಗೆ ಕ್ರಮವಾಗಿ ಹೇಳುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಮುಗಿದಾಗ ನೇತ್ರಾ, ಇದೇ ಶಾಲೆಯಲ್ಲಿ ಅವಳ ಕೈಕೆಳಗೆ ಕಲಿತವಳು, ಮೆಲ್ಲಗೆ, ಅಕ್ಕೋರಿಗೆ ಮರೆತುಹೋದದ್ದನ್ನು ನೆನಪಿಸುವ ಹಾಗೆ ಹೇಳಿದಳು: "ನೀರು ಇಂಗಿದ್ರೆ ಬೇರು ಗಟ್ಟಿ, ಬೇರು ಗಟ್ಟಿಯಾದ್ರೆ ಮಣ್ಣು ಗಟ್ಟಿ, ಮಣ್ಣು ಗಟ್ಟಿಯಾದ್ರೆ ಊರು ಗಟ್ಟಿ. ನೀವೇ ಮಕ್ಕಳಿಗೆ ಬಾಯಿಪಾಠ ಮಾಡ್ಸಿದ್ರಿ ಅಕ್ಕೋರೆ." ಬೇಲಿಯ ಹತ್ತಿರ ಯಾರೋ ಹೌದೌದು ಎಂದರು. ಪರಿಸರ ದಿನಕ್ಕೆ ಅವಳೇ ಕಟ್ಟಿದ ಸಾಲು ಅದು. ಮೂರು ವರ್ಷ ಮಕ್ಕಳು ಕೈ ಬೀಸಿ ಹೇಳಿದ್ದರು. "ಅಕ್ಕೋರಿಗೆ ಬಿಸ್ಲು ತಾಗಿದೆ," ಎಂದಳು ದುರ್ಗಿ, ನಿಜವಾದ ಕಾಳಜಿಯಿಂದ. "ಕೂಕಣಿ. ನೇತ್ರಾ, ಮಜ್ಜಿಗೆ ತಕಂಡು ಬಾ." ವಸಂತಿಗೆ ಅರ್ಥವಾಯಿತು, ತನ್ನ ಈ ಮಾತಿಗೆ ಅಡ್ಡ ನಿಂತಿರುವುದು ತನ್ನ ಇಪ್ಪತ್ತೆರಡು ವರ್ಷದ ಮಾತೇ. ಅವರು ಅವಳನ್ನು ನಂಬಿಯೇ ಇಲ್ಲಿಂದ ಏಳುವುದಿಲ್ಲ.

ಅವಳು ಲಿಂಗಪ್ಪನ ಕಡೆ ತಿರುಗಿದಳು. ಅವ ಹಗ್ಗ ನೋಡುತ್ತಿದ್ದ. "ಅವತ್ತು ಶಾಲೆಯಲ್ಲಿ ಲಿಂಗಪ್ಪ ಹೇಳಿದ್ದೇ ಸರಿ," ಎಂದಳು. ದನಿ ಶಾಲೆಯದಾಗಿರಲಿಲ್ಲ, ಮನೆಯದೂ ಅಲ್ಲ. "ನಾನು ಹೇಳಿದ್ದು ತಪ್ಪು. ಕಲಿಸಿದ್ದು ತಪ್ಪು. ಹೋದ ವರ್ಷವೇ ನನಗೆ ಗೊತ್ತಿತ್ತು. ಬಿರುಕು ಬುಧವಾರ ಕಂಡಿತ್ತು, ದರಕು ಹಾಕಿ ಮುಚ್ಚಿದೆ." ಮಜ್ಜಿಗೆಯ ಲೋಟ ಹಿಡಿದು ಬಂದ ನೇತ್ರಾ ಹೊಸಿಲಿನಲ್ಲೇ ನಿಂತಳು. ಬಯ್ಯಲಿ ಎಂದು ವಸಂತಿ ಕಾದಳು, ಬಯ್ದರೆ ಮುಗಿಯುತ್ತಿತ್ತು. ದುರ್ಗಿ ಕೂದಲನ್ನು ಗಂಟು ಹಾಕಿಕೊಂಡಳು, ಬಿಗಿಯಾಗಿ, ಎರಡು ಸಲ. "ಬುಧವಾರ," ಎಂದಳು. "ಗುರುವಾರ ಶುಕ್ರವಾರ ನನ್ನ ಕೈಯಲ್ಲಿ ಉಂಡ್ರಿ." ಅಷ್ಟೇ. ಲಿಂಗಪ್ಪ ಎದ್ದು ಕೊಟ್ಟಿಗೆಗೆ ಹೋದ. ದನದ ಕುತ್ತಿಗೆಗೆ ಅರ್ಧ ಹೆಣೆದ ಹಗ್ಗವನ್ನೇ ಕಟ್ಟಿ, ಕರುವನ್ನು ಮುಂದೆ ಬಿಟ್ಟುಕೊಂಡು, ಯಾರಿಗೂ ಏನೂ ಹೇಳದೆ ಕಾಲುದಾರಿಯಲ್ಲಿ ಇಳಿಯತೊಡಗಿದ. "ಓಯ್, ಎಲ್ಲಿಗೆ?" ಎಂದು ದುರ್ಗಿ ಕೂಗಿದಳು. ಅವ ತಿರುಗಲಿಲ್ಲ. ಬೇಲಿಯಾಚೆಯ ಮನೆಯವನು ಅವನ ಬೆನ್ನು ನೋಡಿ, ಗುಡ್ಡ ನೋಡಿ, ತನ್ನ ಮಕ್ಕಳನ್ನು ಕರೆದ.

ಐದು ಗಂಟೆಗೆ ಶಾಲೆಯ ಅಂಗಳದಲ್ಲಿ ಏಳು ಮನೆಯವರೂ ಇದ್ದರು. ವಸಂತಿ ಎರಡು ಸಲ ಎಣಿಸಿದಳು, ಪ್ರವಾಸಕ್ಕೆ ಕರೆದೊಯ್ದ ಮಕ್ಕಳನ್ನು ಎಣಿಸುವ ಹಾಗೆ: ಇಪ್ಪತ್ತಾರು. ಐದು ದನ, ಕುಕ್ಕೆಯಲ್ಲಿ ಕೋಳಿ. ಗಂಡನಿಗೆ ಮೆಸೇಜು ಹಾಕಿದಳು, ಬರುವುದಿಲ್ಲ, ಮಗಳಿಗೆ ದೋಸೆ ಹಿಟ್ಟು ಇದ್ದು ಎಂದು. ದುರ್ಗಿ ಅಡುಗೆ ಕೋಣೆಯಲ್ಲಿ ಎಲ್ಲರಿಗೂ ಚಹ ಮಾಡಿದಳು; ವಸಂತಿಗೂ ಕೊಟ್ಟಳು, ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟಳು. ಮೊದಲ ಒಂದು ತಾಸು ಎಲ್ಲರೂ ಗುಡ್ಡವನ್ನೇ ನೋಡುತ್ತಿದ್ದರು. ಗುಡ್ಡ ಸುಮ್ಮನಿತ್ತು. ಪಡುವಣ ಬಿಸಿಲು ನೇರ ಬಿದ್ದು ಒಂದೊಂದು ಹುಲ್ಲೂ ಕಾಣುವಂತಿತ್ತು. ಹಗ್ಗದ ಮೇಲೆ ಬಿಟ್ಟು ಬಂದ ಕೆಂಪು ಕಂಬಳಿಯೂ ಕಾಣುತ್ತಿತ್ತು. ಆಮೇಲೆ ಮಕ್ಕಳು ಆಟಕ್ಕೆ ಬಿದ್ದವು. ಗಂಡಸರು ಮೊಬೈಲು ತೆಗೆದರು. ಯಾರೋ, "ಗುಡ್ಡ ಬರ್ಲಿಲ್ಲ ಅಂದ್ರೆ ನಾಳೆ ಅಕ್ಕೋರ ಮನೇಲಿ ಊಟ" ಎಂದರು, ಒಂದೆರಡು ನಗು ಎದ್ದಿತು. ಹೊತ್ತು ಹೋದ ಹಾಗೆ ವಸಂತಿ ತನ್ನೊಳಗೆ ಏನೋ ನಡೆಯುತ್ತಿರುವುದನ್ನು ಗಮನಿಸಿದಳು. ಗುಡ್ಡದ ಮೇಲಿನ ಕಣ್ಣು ತೆಗೆಯಲಾಗುತ್ತಿರಲಿಲ್ಲ. ಆ ನೆತ್ತಿಯ ಗೆರೆ, ಮದುವೆಯಾಗಿ ಬಂದಾಗಿನಿಂದ ಕಣ್ಣಿಗೆ ತಂಪಾಗಿದ್ದ ಗೆರೆ, ಈಗ ಒಂದು ಅಡ್ಡಿಯಂತೆ ನಿಂತಿತ್ತು. ಬೀಳು, ಎಂದುಕೊಳ್ಳುತ್ತಿದ್ದಳು. ಎಷ್ಟು ಹೊತ್ತಿನಿಂದಲೋ ಎಂದುಕೊಳ್ಳುತ್ತಲೇ ಇದ್ದಳು, ಒಗ್ಗರಣೆಗೆ ಸಾಸಿವೆ ಸಿಡಿಯಲೆಂದು ಕಾಯುವ ಹಾಗೆ. ಬೀಳು, ಬಿದ್ದುಬಿಡು, ಇವರು ಏಳುವ ಮೊದಲು. ನೇತ್ರಾಳ ಮದುವೆಯ ಸೀರೆಯ ಮೇಲೆ, ದುರ್ಗಿ ಮೂರು ವರ್ಷ ಚೀಟಿ ಕಟ್ಟಿ ಹಾಕಿಸಿದ ಹೆಂಚಿನ ಮೇಲೆ, ಮಗುವಿನ ತೊಟ್ಟಿಲ ಮೇಲೆ ಬೀಳು. ಇದನ್ನೇ ತಾನು ಬೇಡುತ್ತಿರುವುದು ಎಂದು ತಿಳಿದಾಗ ಕೈಯ ಚಹ ತಣ್ಣಗಾಗಿತ್ತು. ಬೇಡುವುದು ನಿಲ್ಲಲಿಲ್ಲ.

ಆರೂವರೆಗೆ ಸಂತೋಷ ಎದ್ದ. "ಆತು ಅಕ್ಕೋರೆ," ಎಂದ. ಹೊಟ್ಟೆಯೊಳಗಿನ ಸಿಟ್ಟನ್ನು ವಿನಯದಲ್ಲಿ ಸುತ್ತಿಕೊಂಡಿದ್ದ. "ಮಗು ಇಲ್ಲಿ ಮಲಗುದಿಲ್ಲ. ಮನೇಲಿ ದೀಪ ಇಡ್ಬೇಕು, ಬಾಗ್ಲು ಬೇರೆ ತೆಗ್ದಿಟ್ಟು ಬಂದಿದ್ದೇನೆ. ಬರ್ತೇವೆ." ನೇತ್ರಾ ಮಗುವನ್ನು ಎತ್ತಿಕೊಂಡಳು. ಅವರನ್ನು ನೋಡಿ ಉಳಿದವರೂ ಚಾಪೆ ಸುತ್ತತೊಡಗಿದರು. ಮಾತಿನಿಂದ ಇನ್ನು ಏನೂ ಆಗುವುದಿರಲಿಲ್ಲ. ವಸಂತಿ ನಡೆದು ಹೋಗಿ ಗೇಟು ಎಳೆದಳು, ಸರಪಳಿ ಸುತ್ತಿದಳು, ಬೀಗ ಹಾಕಿ ಕೀಲಿಕೈಯನ್ನು ರವಿಕೆಯೊಳಗೆ ಇಟ್ಟುಕೊಂಡಳು. ಮೊದಲು ಒಂದು ಮಗು ನಕ್ಕಿತು, ಆಟವೆಂದುಕೊಂಡು. ಸಂತೋಷ ಹತ್ತಿರ ಬಂದ. ಎರಡನೇ ತರಗತಿಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡಾಗ ಅವಳೇ ತೊಳೆದಿದ್ದ ಹುಡುಗ, ಈಗ ಅವಳಿಗಿಂತ ಒಂದು ಮೊಳ ಎತ್ತರ. "ಗೇಟು ತೆಗೀರಿ ಅಕ್ಕೋರೆ." ಅವಳು ಅಲ್ಲಾಡಲಿಲ್ಲ. "ನಮ್ಮನ್ನ ಕೂಡಿಹಾಕುಕೆ ನೀವು ಯಾರು?" ಎಂದ ಜೋರಾಗಿ. ಹಿಂದಿನಿಂದ ದುರ್ಗಿ, "ಹೆಂಗ್ಸಿನ ಮೈ ಮುಟ್ಬೇಡ ತಮ್ಮಾ" ಎಂದಳು, ಆದರೆ ಮಗನನ್ನು ಹಿಂದೆ ಕರೆಯಲಿಲ್ಲ. ಅಷ್ಟೂ ಕಣ್ಣುಗಳು ಅವಳನ್ನು ನೋಡುತ್ತಿದ್ದವು, ಟ್ಯಾಂಕರಿನ ಮುಂದೆ ನಿಂತಾಗ ಪರಸ್ಪರ ನೋಡುತ್ತಿದ್ದ ಹಾಗೆ.

ದನದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ ಲಿಂಗಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದ. ಜನ ದಾರಿ ಬಿಟ್ಟರು. ಗೇಟಿನವರೆಗೆ ನಿಧಾನ ನಡೆದು ಬಂದು, ಮಗನನ್ನು ಭುಜದಿಂದ ಬದಿಗೆ ಸರಿಸಿ, ವಸಂತಿಯ ಪಕ್ಕದಲ್ಲಿ ಗೇಟಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತ. ಕಬ್ಬಿಣ ಒಮ್ಮೆ ಕಿರುಗುಟ್ಟಿತು. ಸೊಂಟದಿಂದ ಬೀಡಿಯ ಕಟ್ಟು ತೆಗೆದ, ಒಂದನ್ನು ಆರಿಸಿದ, ಹಚ್ಚಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವ ತಲೆ ಎತ್ತಿ, ದುರ್ಗಿಯ ಕಡೆಗಲ್ಲ, ನೇರ ಅವಳ ಮುಖವನ್ನೇ ನೋಡಿದ.

"ಅಕ್ಕೋರೆ, ಶಾಲೆಲಿ ಬೀಡಿ ಸೇದುಕೆ ಅಡ್ಡಿಲ್ವಾ?"

"ಅಡ್ಡಿಲ್ಲ ಲಿಂಗಪ್ಪ," ಎಂದಳು ವಸಂತಿ.